ಗಂಟೆ ಬಿಚ್ಚಿದ ದಿಬ್ಬ

ನಾಗೇನೂರಿನ ಕೆರೆ ಏರಿಗೆ ಇಳಿಯುವ ಮೊದಲು ರಸ್ತೆಯ ಬಲಕ್ಕೆ ಒಂದು ಬಂಡೆದಿಬ್ಬ ಸಿಗುತ್ತದೆ. ಗುಡಿಯಿಲ್ಲ, ಶಾಸನವಿಲ್ಲ, ನೆತ್ತಿಯ ಮೇಲೊಂದು ಕಲ್ಲುಕಂಬ, ಅದಕ್ಕೊಂದು ತುಕ್ಕು ಹಿಡಿದ ಕಬ್ಬಿಣದ ಬಳೆ, ಅಷ್ಟೆ. ಮಾಗಿಯ ಬೆಳಗುಗಳಲ್ಲಿ ಕೆರೆ, ಏರಿ, ಹೊಲ ಎಲ್ಲ ಮಂಜಿನಲ್ಲಿ ಮುಳುಗಿ ಈ ದಿಬ್ಬವೊಂದೇ ತೇಲುತ್ತಿರುತ್ತದೆ. ಇದನ್ನು ಗಂಟೆ ಬಿಚ್ಚಿದ ದಿಬ್ಬ ಎನ್ನುತ್ತಾರೆ.

ಹಿಂದೆ ಒಮ್ಮೆ, ಹೇರೆತ್ತುಗಳ ಕಾಲದಲ್ಲಿ, ಚನ್ನವೀರ ಶೆಟ್ಟಿಯೆಂಬ ಅರಳೆ ವ್ಯಾಪಾರಿ ಮೂವತ್ತೆರಡು ಎತ್ತುಗಳ ಮೇಲೆ ಸರಕು ಹೇರಿಕೊಂಡು ಬಂದು ಇಲ್ಲಿ ತಂಗಿದ್ದನಂತೆ. ಎರಡು ದಿನದ ಅಕಾಲ ಮಳೆ ಆಗಷ್ಟೇ ನಿಂತು ಹೊಳವಾಗಿತ್ತು. ಬೆಳಗ್ಗೆ ಕಣ್ಣು ಬಿಟ್ಟರೆ ದಿಬ್ಬವೂ ಮಂಜಿನಲ್ಲಿ ಮುಳುಗಿದೆ, ಪಕ್ಕದ ಎತ್ತೂ ಕಾಣದು. ಶೆಟ್ಟಿ ಹೇರಿನೊಳಗೆ ಕೈಯಿಟ್ಟ. ಅರಳೆ ತೇವ ಕುಡಿಯುತ್ತಿತ್ತು. ಮುಗ್ಗಿದ ಅರಳೆಯನ್ನು ಯಾರು ಮೂಸಿ ನೋಡುತ್ತಾರೆ? ಏರಿ ದಾಟಿದರೆ ಪೇಟೆ, ಅಲ್ಲಿ ಒಣ ಮಳಿಗೆ. ಹೊರಡಿ ಎಂದ. ಹೇರೆತ್ತುಗಳಿಗೆ ಒಂದು ರೂಢಿ: ಮುಂದಿನ ಎತ್ತಿನ ಗಂಟೆ ನುಡಿದರೆ ಕಣ್ಣು ಮುಚ್ಚಿ ಹಿಂದೆ ಹೋಗುತ್ತವೆ, ನುಡಿಯದಿದ್ದರೆ ಹೆಜ್ಜೆ ಕೀಳುವುದಿಲ್ಲ. ಅಂದು ಗಂಟೆ ನುಡಿಯಲಿಲ್ಲ. ದಿಬ್ಬದಲ್ಲಿ ಕುರಿ ತರುಬಿ ರಾತ್ರಿ ಕಳೆದಿದ್ದ ಮೈಲವ್ವನೆಂಬ ಮುದುಕಿ ಅದನ್ನು ಬಿಚ್ಚಿ ಉಡಿಯಲ್ಲಿಟ್ಟುಕೊಂಡು ಕೂತಿದ್ದಳು.

“ಗಂಟೆ ಕೊಡಬೇ ಯವ್ವ. ಅರಳೆ ಕೆಡ್ತೈತಿ.”

“ಅರಳೆ ಒಣಗಸಬಹುದು ಶೆಟ್ರ. ಕೆರಿಗೆ ಬಿದ್ದ ಎತ್ತು ಒಣಗಿಸಿ ಏನು ಮಾಡ್ತೀರಿ?”

“ಈ ದಾರಿ ನನಗ ಹೊಸದಲ್ಲ.”

“ದಾರಿ ನಿಮಗ ಗೊತ್ತು, ಮಂಜು ನನಗ ಗೊತ್ತು. ನೆಲ ನೆಂದಿತ್ತು. ಮುಗಿಲು ಬಯಲಾಗಿ ನೆಲದ ಕಾವೆಲ್ಲ ಮ್ಯಾಲೆ ಹೋತು, ಗಾಳಿ ಉಸಿರಾಡಲಿಲ್ಲ. ತಣ್ಣಗಾದ ತ್ಯಾವ ಎಲ್ಲಿಗೆ ಹೋಗಬೇಕು? ಇಲ್ಲೇ ಕೂತೈತಿ. ಬಿಸಿಲು ನೆಲಕ್ಕ ತಾಗಿದರ ಬುಡದಿಂದ ಏಳ್ತೈತಿ. ಮೊದಲು ಕಂಬಳಿ ಹಾಸಿದಂಗ ಮೋಡ, ಆಮ್ಯಾಲೆ ನಿಮ್ಮ ಅರಳೆ ಹಿಂಜಿದಂಗ.”

“ಅಲ್ಲೀತನ?”

“ರೊಟ್ಟಿ ಐತಿ, ತಿನ್ರಿ.”

ಶೆಟ್ಟಿ ಮುಂದಿನ ಎತ್ತಿನ ಮೂಗುದಾರ ಹಿಡಿದು ಹತ್ತು ಹೆಜ್ಜೆ ಎಳೆದ. ಹಿಂದೆ ಒಂದೂ ಅಲುಗಲಿಲ್ಲ. ಸಿಟ್ಟಿನಲ್ಲೇ ಬಂದು ಕೂತು ರೊಟ್ಟಿ ಮುರಿದ. ಬಿಳುಪು ಮೆಲ್ಲಗೆ ಹಳದಿಗೆ ತಿರುಗಿತು. ಒಡೆಯರಿಲ್ಲದ ಕೆಮ್ಮು, ಕುರಿಯಿಲ್ಲದ ಕೂಗು ಅಲ್ಲಲ್ಲಿ ತೇಲಿ ಬಂದವು. ಆಮೇಲೆ ಯಾರೋ ಅಂಚು ಹಿಡಿದು ಎತ್ತಿದಂತೆ ಮಂಜು ಬುಡ ಬಿಟ್ಟಿತು. ಮೊದಲು ಎತ್ತುಗಳ ಗೊರಸು, ಆಮೇಲೆ ಕಾಲು, ಹೊಟ್ಟೆ. ಕೆಳಗೆ ಏರಿ, ಏರಿಯ ನಡುವೆ ತೂಬಿನ ಕಂಬ. ಕಂಬದಾಚೆ ಏರಿಯೇ ಇರಲಿಲ್ಲ. ಎರಡು ಮನೆಯಗಲದ ಒಡಕಿನಲ್ಲಿ ಕೆರೆಯ ಅಳಿದುಳಿದ ನೀರು ಸದ್ದಿಲ್ಲದೆ ಹರಿದು ಹೋಗುತ್ತಿತ್ತು.

ಶೆಟ್ಟಿ ಹೇರು ಬಿಚ್ಚಿಸಿ ಅಷ್ಟೂ ಅರಳೆಯನ್ನು ಬಂಡೆಯ ಮೇಲೆ ಹರವಿಸಿದ. ದಿಬ್ಬದ ಮೇಲೆ ಮೋಡವೊಂದು ಇಳಿದು ಕೂತಿದೆ ಎಂದು ಆಚೆ ದಡದವರು ನೋಡುತ್ತ ನಿಂತರಂತೆ. ಹೊರಡುವಾಗ ಮುಂದಿನ ಎತ್ತಿಗೆ ಊರಿಂದ ಬೇರೆ ಗಂಟೆ ತರಿಸಿ ಕಟ್ಟಿದ, ಹಳೆಯದನ್ನು ಮರಳಿ ಕೇಳಲಿಲ್ಲ. ಕಂಬ ನೆಡಿಸಿ, ಬಳೆ ಹಾಕಿಸಿ, ಅದನ್ನು ಅಲ್ಲೇ ತೂಗಿಸಿದ.

ಗಂಟೆ ಈಗಿಲ್ಲ, ಕಂಚಲ್ಲವೇ, ಯಾರೋ ಒಯ್ದರು. ಬಳೆ ಉಳಿದಿದೆ. ಏರಿ ಎಂದೋ ಡಾಂಬರು ಕಂಡಿದೆ. ಆದರೂ ಮಂಜು ಕವಿದ ಬೆಳಗ್ಗೆ ಲಾರಿಗಳು ದಿಬ್ಬದ ಪಕ್ಕ ಸಾಲಾಗಿ ನಿಂತಿರುತ್ತವೆ. ಚಹಾ ಕುಡಿಯುತ್ತ ಹಿಂದಿನವನು ಮುಂದಿನವನನ್ನು ಕೇಳುತ್ತಾನೆ: “ತೂಬಿನ ಕಂಬ ಕಾಣ್ತೇನಪಾ?” ಕಂಡಿತು ಅನ್ನುವತನಕ ಯಾರೂ ಕೀಲಿ ತಿರುವುವುದಿಲ್ಲ.