ರಾಜನ ಮೀಸೆಗೆ ಬಿದ್ದ ಬೀಗ

ಒಂದಾನೊಂದು ಊರಿನಲ್ಲಿ (ಊರಿನ ಹೆಸರು ಕೇಳಬೇಡಿ, ಒಗೆದು ಒಗೆದು ಅಳಿಸಿಹೋಗಿದೆ) ಸಕ್ರವ್ವ ಎಂಬುವಳು ಸೀರೆಗೆ ಬಣ್ಣ ಹಾಕುತ್ತಿದ್ದಳು. ಸೀರೆ ಅದ್ದಿದ ಕೆಂಪು ನೀರನ್ನು ಚರಂಡಿಗೆ ಚೆಲ್ಲುತ್ತಿದ್ದಳು. ಚರಂಡಿಯಿಂದ ಹೊಳೆಗೆ, ಹೊಳೆಯಿಂದ ಅರಮನೆಗೆ. ಒಂದು ದಿನ ರಾಜನ ಮೊಸರನ್ನ ಕೆಂಪಾಯಿತು.

ರಾಜನಿಗೆ ರಾಜ್ಯಕ್ಕಿಂತ ಮೀಸೆ ಹೆಚ್ಚು. ಎಪ್ಪತ್ತು ದಾಟಿದರೂ ಕಾಡಿಗೆಯಂಥ ಕಪ್ಪು ಮೀಸೆ. ಅವನು ಡಂಗುರ ಸಾರಿಸಿದ: “ಬಣ್ಣದ ನೀರು ಬಿಟ್ಟವರಿಗೆ ಬೀಗ! ಎಂಟು ದಿನ ಬಿಟ್ಟು ಬಣ್ಣದ ಮನೆಗೆ ಬಂದು, ಅಲ್ಲಿನ ನೀರಿನಲ್ಲಿ ನನ್ನ ಮೀಸೆಯನ್ನೇ ಅದ್ದಿ ನೋಡುತ್ತೇನೆ!”

ಡಂಗುರ ಕೇಳಿ ಸಕ್ರವ್ವ ಕೊಡ ಹಿಡಿದು ಬಾವಿಗೆ ಓಡಿದಳು. ಬಣ್ಣದ ಮನೆಗೆ ಬೀಗ ಬಿದ್ದರೆ ಹೊಟ್ಟೆಗೂ ಬೀಗವೇ. ಒಂದು ಕೊಡ ಕೆಂಪು ನೀರಿಗೆ ಒಂದು ಕೊಡ ಬಾವಿ ನೀರು ಸುರಿದಳು. ಎರಡು ಕೊಡ ಕೆಂಪು ನೀರಾಯಿತು. ಎರಡಕ್ಕೆ ಎರಡು ಸುರಿದಳು. ನಾಲ್ಕಾಯಿತು. ಸುರಿದಳು, ಸುರಿದಳು; ಬಾವಿ ಬತ್ತಿತು, ಓಣಿ ತುಂಬಿತು. ಓಣಿಯ ಆಡುಗಳೆಲ್ಲ ಗುಲಾಬಿ ಬಣ್ಣವಾಗಿ, ಒಂದನ್ನೊಂದು ಗುರುತು ಹಿಡಿಯದೆ ಹೊಸದಾಗಿ ಪರಿಚಯ ಮಾಡಿಕೊಂಡವು.

ಆಗ ನೀರೇ ಬಾಯಿಬಿಟ್ಟಿತು: “ಯವ್ವಾ, ನನ್ನ ಹೆಚ್ಚು ಮಾಡಬ್ಯಾಡ. ನನ್ನ ತೊಳಿ.”

“ನೀರನ್ನ ಯಾತರಾಗ ತೊಳೀಲಿ?”

“ಎಲ್ಲಾರನ್ನೂ ತೊಳ್ಯಾಕ ನಾ ಬೇಕು. ನನ್ನ ತೊಳ್ಯಾಕ ಪುರುಸೊತ್ತು ಬೇಕು.”

ಸಕ್ರವ್ವ ಮೂರು ದೊಡ್ಡ ಮಣ್ಣಿನ ಹರವಿಗಳನ್ನು ಸಾಲಾಗಿ ಇಟ್ಟಳು. ಮೊದಲನೆಯದರಲ್ಲಿ ಸುಣ್ಣ ಹಾಕಿ ನೀರನ್ನು ಮಲಗಿಸಿದಳು. ಅದು ಎರಡು ದಿನ ಗೊರಕೆ ಹೊಡೆಯಿತು, ಬಣ್ಣ ತಳಕ್ಕಿಳಿಯಿತು. ಮರಳಿನ ಹರವಿಯಲ್ಲಿ ಕಚಗುಳಿಯಾಗಿ ನಕ್ಕಿತು. ಇದ್ದಿಲಿನ ಹರವಿಯಲ್ಲಿ “ಕರ್ರಗಾಗತೀನಿ” ಎಂದು ಅತ್ತಿತು. ಹೊರಬಂದಾಗ ಎಷ್ಟು ತಿಳಿಯಾಗಿತ್ತೆಂದರೆ, ನೀರು ಇದೆಯೋ ಇಲ್ಲವೋ ಎಂದು ಸಕ್ರವ್ವ ಕೈಯಾಡಿಸಿ ನೋಡಬೇಕಾಯಿತು. ಅವಳಿಗೆ ಖುಷಿಯೋ ಖುಷಿ.

ರಾಜ ಬಂದ. ಮೀಸೆ ಅದ್ದಿದ. ಎತ್ತಿದ. ಮೀಸೆ ಬೆಳ್ಳಗೆ, ನೀರು ಕರ್ರಗೆ!

“ಬಣ್ಣದ ನೀರು! ಬೀಗ ತನ್ನಿ!” ಎಂದು ಮಂತ್ರಿ ಕೂಗಿದ.

ಸಕ್ರವ್ವ ಹರವಿಯ ಮುಂದೆ ಬಂದು ನಿಂತಳು. “ಬೀಗ ಹಾಕ್ರಿ ಯಪ್ಪಾ. ಆದ್ರ ನನ್ನದು ಕೆಂಪು ಬಣ್ಣ. ಈ ಕಪ್ಪು ಬಿಟ್ಟವರು ಯಾರು?”

ಮಂತ್ರಿ ಕಾನೂನನ್ನು ಮುಂದಿನಿಂದ ಓದಿದ. ಹಿಂದಿನಿಂದ ಓದಿದ. ಎತ್ತ ಓದಿದರೂ ಅದೇ: ಬಣ್ಣದ ನೀರು ಬಿಟ್ಟವರಿಗೆ ಬೀಗ. ರಾಜನ ಮೀಸೆಗೆ ಬೀಗ ಬಿತ್ತು. ಮೀಸೆ ಬಣ್ಣ ಬಿಡುವುದು ನಿಲ್ಲಿಸುವತನಕ ಬೀಗ ತೆಗೆಯುವಂತಿಲ್ಲ.

ರಾಜ ಮೆಲ್ಲಗೆ ಕೇಳಿದ: “ಸಕ್ರವ್ವಾ, ನಿನ್ನ ಹರವಿಯಲ್ಲಿ ನನಗೊಂದಿಷ್ಟು ಜಾಗ ಸಿಗುತ್ತದೆಯೇ?”

“ಸಿಗತೈತ್ರಿ. ಸಾಲಿನ್ಯಾಗ ನಿಲ್ರಿ. ನಿಮಗಿಂತ ಮೊದಲ ಬಂದ ನೀರು ಐತಿ.”

ಕತೆ ಇಷ್ಟೇ. ಗಸಿ ತಳದಲ್ಲಿ ಕೂತಿದೆ, ಕಲಕಬೇಡಿ. ಮೇಲಿನ ತಿಳಿ ನಿಮ್ಮದು.