ಮಸಿ ಮೆತ್ತದ ಹೊತ್ತಿಗೆ

"ಕರೆಗುಡ್ಡದ ಸೀಮೆಯೋರೆಲ್ಲ ಕಿವಿಗೊಟ್ಟು ಕೇಳಿ. ರಾಜರ ಮಗಳು ಅಮ್ಮಣ್ಣಿಯೋರು ಮೂರು ಒಗಟು ಒಡ್ತಾರೆ. ಮೂರೂ ಬಿಡಿಸಿದೋರಿಗೆ ಕೇಳಿದ್ದು ಕೊಡ್ತಾರೆ. ಒಂದು ತಪ್ಪಿದ್ರೂ ಸೆರೆ, ಬರೋ ಅಮಾವಾಸ್ಯೆಗೆ ತಲೆದಂಡ."

ಡಂಗುರದೋನು ಬೀದಿ ದಾಟೋದ್ರೊಳಗೆ ಚೆನ್ನಬಸಯ್ಯ ಶಲ್ಯ ಹೊದ್ದು ಅರಮನೆ ದಾರಿ ಹಿಡಿದಿದ್ದ. ಹೋಗದೆ ಇರ್ತಾನಾ? ಹೊಗಳೋಲೆ ಬರೆಯೋದ್ರಲ್ಲಿ ಅವನ ಬಿಟ್ರೆ ಇಲ್ಲ ಅಂತ ಅವನೇ ಹೇಳ್ಕೊಂಡು ತಿರುಗ್ತಿದ್ದ.

ಆ ಸೀಮೇಲಿ ಒಂದು ಪದ್ಧತಿ. ಅರಮನೆ ಭಂಡಾರಕ್ಕೆ ಓಲೆಗರಿ ಹೊತ್ತಿಗೆ ಕೊಳ್ಳಬೇಕಂದ್ರೆ, ತಿಳಿದೋರು ಓದಿ "ಚೆನ್ನಾಗಿದೆ" ಅಂತ ಬರೆದ ಒಂದು ಓಲೆ ಅದರ ಮೇಲೆ ಕಟ್ಟಿರಬೇಕು. ಅದೇ ಹೊಗಳೋಲೆ. ಅದಿಲ್ಲದ ಹೊತ್ತಿಗೆ ಎಂಥಾ ಚಿನ್ನದಂಥಾದ್ದಾದ್ರೂ ಹೊಸ್ತಿಲಾಚೆಗೇ. ಭಂಡಾರ ಕೊಂಡಿದ್ದನ್ನೇ ಊರೂ ಓದೋದು. ಓದೋದು ಅಂತ ಬಾಯಿಮಾತಿಗೆ ಅಷ್ಟೆ. ಹೊಗಳೋಲೆಯ ನಾಲ್ಕು ಸಾಲು ಉರು ಹೊಡೆದು, ಬಾವಿಕಟ್ಟೇಲಿ "ಕಣ್ಣೀರೇ ಬಂತು ಕಣೇ" ಅಂತಿದ್ರು.

ಇನ್ನೊಂದು. ಗರಿ ಮೇಲೆ ಗೀರಿದ ಅಕ್ಷರ ಹಂಗೇ ಕಾಣಲ್ಲ. ಎಣ್ಣೆಮಸಿ ಮೆತ್ತಿ ಒರೆಸಿದ್ರೆ ಗೀರಿನೊಳಗೆ ಕಪ್ಪು ಕೂತು ಆಗ ಕಾಣ್ತದೆ. ಮೆತ್ತೋದು ಅಲ್ಲಿ ಓದೋನ ಪಾಲು. ಚೆನ್ನಬಸಯ್ಯನ ಮನೇಲಿ ಆ ಕೆಲಸ ಹೆಂಡ್ತಿ ತಮ್ಮ ಗುರುಸಿದ್ದಂದು. ಅಪ್ಪ ಅಮ್ಮ ಇಲ್ಲದೋನು, ಅಕ್ಕನ ಮನೆ ಹಿತ್ತಲಲ್ಲಿ ಬೆಳೆದೋನು. ಭಾವ ಯಾವಾಗ್ಲೂ, "ಮೇಲಿಂದೊಂದು ಗರಿಗೆ ಮೆತ್ತೋ, ಸಾಕು" ಅಂತಿದ್ದ. ಅವನು ಅಷ್ಟೇ ಮೆತ್ತುತಿದ್ದ.

ಅಮ್ಮಣ್ಣಿಗೆ ತಾಯಿ ಹೋಗಿ ವರ್ಷ ತುಂಬಿರಲಿಲ್ಲ. ಬಾಣಂತಿ ರಾಣಿ ಜ್ವರದಲ್ಲಿ ಹೋಗಿಬಿಟ್ಟಿದ್ಲು. ಅವತ್ತಿಂದ ಮಗಳು ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ. ಈಗ ಆಡ್ತಿರೋದು ಇದೇ ಮಾತು.

"ತಾನು ತುತ್ತು ಉಂಡಿಲ್ಲ, ಊರಿಗೆಲ್ಲ ರುಚಿ ಹೇಳ್ತಾ ಬಾಗಿಲಲ್ಲೇ ನಿಂತಿದೆ, ಅದೇನು? ಹೊಟ್ಟೆ ತುಂಬ ಮಾತಿದೆ, ಮುಖಕ್ಕೆ ಮಸಿ ಮೆತ್ತಿದ ಮೇಲೇ ಆಡೋದು, ನನ್ನ ಮನೇಲಿ ನೂರಾರು ಜನ ಬಿಳಿ ಮುಖ ಹೊತ್ತು ಮಲಗಿದಾರೆ, ಅವರು ಯಾರು? ಕೈ ಎತ್ತದೆ, ವಿಷ ಇಕ್ಕದೆ ನನ್ನ ತಾಯೀನ ಕೊಂದೋರು ಯಾರು?"

ಚೆನ್ನಬಸಯ್ಯ ಗಂಟಲು ಸರಿಮಾಡ್ಕೊಂಡು ಸೌಟು ಅಂದ, ಮೃದಂಗ ಅಂದ, ಹಣೆಬರಹ ಅಂದ. ಅಮ್ಮಣ್ಣಿ "ತಪ್ಪು" ಅಂದ್ಳು. ಯಾವುದು ತಪ್ಪು ಅಂತ ಹೇಳಲಿಲ್ಲ. ಅರಮನೆ ವೈದ್ಯ ಬಂದು ಗಾಳಿ, ಕನ್ನಡಿ, ಯಮ ಅಂದ. ಅವನೂ ಒಳಗೆ ಹೋದ.

ಗುರುಸಿದ್ದ ಸೆರೆಮನೆಗೆ ಬುತ್ತಿ ತಗೊಂಡು ಹೋದ.

"ಭಾವ, ಮಸಿ ಮೆತ್ತಿದ್ರೆ ಮಾತಾಡೋದು ಯಾವುದು ಅಂತ ನಿಮಗೆ ಗೊತ್ತಾಗಲಿಲ್ವಾ?"

ಚೆನ್ನಬಸಯ್ಯ ರೊಟ್ಟಿ ಮುರೀತಾ ಕೂತಿದ್ದ, ತಿನ್ನಲಿಲ್ಲ. "ಮೊದಲನೇ ಸಲ ಕೇಳಿದಾಗ್ಲೇ ಗೊತ್ತಾಯ್ತು ಕಣೋ. ಅದನ್ನ ಹೇಳಿದ್ರೆ ಮೂರನೇದೂ ಹೇಳಬೇಕಾಗ್ತಿತ್ತು. ರಾಣಿಗೆ ಮದ್ದು ಮಾಡಿದ್ದು ಜ್ವರದ ಹೊತ್ತಿಗೆ ನೋಡಿ, ಅದಕ್ಕೆ ಹೊಗಳೋಲೆ ಬರೆದೋನು ನಾನು."

"ಎರಡನೇ ಗರೀಲಿ ಏನಿತ್ತು ಭಾವ?"

"ನೋಡಿದ್ರೆ ತಾನೆ. ನೀನು ಮೆತ್ತಿದ್ದು ಒಂದೇ."

ಮನೇಲಿ ಅಕ್ಕ ನೀಲಮ್ಮ ಒಲೆ ಹಚ್ಚದೆ ಕೂತಿದ್ಲು. "ಅರಮನೆಗೆ ಹೋಗಬೇಡ್ವೋ," ಅಂದ್ಳು. "ನಿಜ ಹೇಳಿದ್ರೆ ನನ್ನ ಗಂಡನ ತಲೆ. ಸುಳ್ಳು ಹೇಳಿದ್ರೆ ನಿಂದೂ ಸೇರಿ ಎರಡು."

"ಸುಮ್ಮನೆ ಕೂತ್ರೂ ಅಮಾವಾಸ್ಯೆ ಬರ್ತದಲ್ಲಕ್ಕ," ಅಂದು ಮಸಿಬಟ್ಟಲು ಎತ್ತಿಕೊಂಡು ಹೊರಟ.

ಸಭೇಲಿ ಅವನ ಕರೀ ಬೆರಳು ನೋಡಿ ಒಬ್ಬ, "ಏನಯ್ಯಾ, ಹಂಡೆ ತಿಕ್ಕಿ ನೇರ ಬಂದ್ಯಾ?" ಅಂದ. ನಗು ಎದ್ದು ಅಲ್ಲೇ ಆರಿತು, ಯಾಕಂದ್ರೆ ಅಮ್ಮಣ್ಣಿ ನಗಲಿಲ್ಲ.

"ಮೊದಲನೇದು ಹೊಗಳೋಲೆ," ಅಂದ ಗುರುಸಿದ್ದ. "ಉಣ್ಣದೆ ರುಚಿ ಹೇಳ್ತದೆ. ಎರಡನೇದು ನಿಮ್ಮ ಭಂಡಾರದ ಹೊತ್ತಿಗೆಗಳು. ಮಸಿ ಕಂಡಿಲ್ಲ ಅಂದ್ರೆ ಯಾರೂ ಓದಿಲ್ಲ. ಮೂರನೇದಕ್ಕೆ ಆ ಜ್ವರದ ಹೊತ್ತಿಗೆ ತರಿಸಿ ತಾಯಿ."

ತಂದ್ರು. ಮೇಲಿನ ಗರಿ ಒಂದು ಕಪ್ಪು, ಮಿಕ್ಕಿದ್ದೆಲ್ಲ ಬೋಳು. ಗುರುಸಿದ್ದ ಎರಡನೇ ಗರಿಗೆ ಮಸಿ ಮೆತ್ತಿ ಪಂಚೆ ಅಂಚಲ್ಲಿ ಒರೆಸಿದ. ಅಕ್ಷರ ಒಂದೊಂದೇ ಎದ್ದು ಬಂತು. ಅಮ್ಮಣ್ಣಿಯೇ ಬಗ್ಗಿ ಓದಿದ್ಲು: "ಮೇಲೆ ಹೇಳಿದ ಕಷಾಯ ಬಾಣಂತಿಯರಿಗೆ ಕೂಡದು, ಕೊಟ್ಟರೆ ಜೀವಕ್ಕೆ ಎರವು."

"ಒಂದು ಗರಿ ನೋಡಿ ಹೊಗಳಿದೋರು ನಮ್ಮ ಭಾವ. ಬಾಕಿದ್ದಕ್ಕೆ ಮೆತ್ತದೆ ಬಿಟ್ಟೋನು ನಾನು. ಹೊಗಳೋಲೆ ನಂಬಿ ಕಾಸಿ ಕುಡಿಸಿದೋರು ವೈದ್ಯರು," ಅಂದು ನಿಲ್ಲಿಸಿದ. ಆಮೇಲೆ ಮೆಲ್ಲಗೆ ಕೇಳಿದ. "ಕೊಳ್ಳಿ ಅಂದೋರು ಯಾರು ತಾಯಿ?"

ರಾಜ ಗದ್ದುಗೆಯಿಂದ ಅರ್ಧ ಎದ್ದ. ಅಮ್ಮಣ್ಣಿ ಅಪ್ಪನ ಕಡೆ ಕೈ ಅಡ್ಡ ಹಿಡಿದ್ಲು.

"ನಾನು," ಅಂದ್ಳು. "ಇಡೀ ಸೀಮೇಲಿ ಇಂಥಾದ್ದಿಲ್ಲ ಅಂತ ಹೊಗಳೋಲೇಲಿತ್ತು. ನಾನೇ ಆಳು ಓಡಿಸಿ ತರಿಸಿದೆ. ಆಗ ಬಿಚ್ಚಿ ನೋಡಲಿಲ್ಲ, ಅಮ್ಮ ಹೋದ ಮೇಲೆ ಬಿಚ್ಚಿದ್ರೆ ಬೋಳು ಗರಿಗಳು. ಸರಿ ಕಣಯ್ಯ, ಮೂರೂ ಸರಿ. ಇದನ್ನ ನನ್ನ ಮುಖಕ್ಕೆ ಹೇಳೋನು ಒಬ್ಬ ಬೇಕಿತ್ತು. ಏನು ಬೇಕು, ಕೇಳು."

"ತಲೆ ತೆಗೆಯೋದಾದ್ರೆ ನಾಲ್ಕೂ ತೆಗೀಬೇಕು. ಅದಕ್ಕೆ ಯಾರ ತಲೆಯೂ ತೆಗೆಯೋದು ಬೇಡ ತಾಯಿ."

ಅಮ್ಮಣ್ಣಿ ಇಬ್ಬರನ್ನೂ ಸೆರೆಯಿಂದ ಬಿಡಿಸಿದ್ಲು. ಗುರುಸಿದ್ದನಿಗೆ ಭಂಡಾರದ ಬೀಗದ ಕೈ ಕೊಟ್ಟು, ಹೊಗಳೋಲೇನ ಇನ್ನು ಮೇಲೆ ಕಡೇ ಗರಿಯ ಕೆಳಗೆ ಕಟ್ಟಬೇಕು ಅಂತ ಕಟ್ಟಳೆ ಮಾಡಿದ್ಲು. ಚೆನ್ನಬಸಯ್ಯನೂ ವೈದ್ಯನೂ ಭಂಡಾರದ ಬೋಳು ಗರಿಗಳಿಗೆಲ್ಲ ಮಸಿ ಮೆತ್ತಿ ಓದಕ್ಕೆ ಕೂತ್ರು. ಬದುಕಿರೋವರೆಗೂ ಮುಗಿಯೋ ಕೆಲಸ ಅಲ್ಲ ಅದು. ಗುರುಸಿದ್ದನಿಗೂ ಅಮ್ಮಣ್ಣಿಗೂ ಮದುವೆ ಗಿದುವೆ ಅಂತ ಊರಲ್ಲಿ ಆಡ್ಕೊಂಡ್ರು, ಬಾಯಿಗೆ ಬೀಗ ಉಂಟಾ? ಅದೇನೂ ಆಗಲಿಲ್ಲ.

ಜನ ಬಂದು, "ಯಾವುದು ಚೆನ್ನಾಗಿದೆಯಪ್ಪಾ, ಹೇಳು" ಅಂತಿದ್ರು. ಗುರುಸಿದ್ದ ಮಸಿಬಟ್ಟಲು ಮುಂದಕ್ಕೆ ತಳ್ಳುತಿದ್ದ. ಒಂದಿನ ಅಮ್ಮಣ್ಣಿಯೇ ಬಂದ್ಲು. ಅಭ್ಯಾಸ ನೋಡಿ, ಎತ್ತಿಕೊಂಡ ಹೊತ್ತಿಗೇನ ಮಗುಚಿ ಕಡೇ ಗರಿಯ ಕೆಳಗಿನ ಹೊಗಳೋಲೆಗೆ ಬೆರಳು ಹಾಕಿದ್ಲು. ಹಾಕಿದೋಳು ತಡೆದು, ಬೆರಳು ತೆಗೆದು, ಬಟ್ಟಲಿಗೆ ಅದ್ದಿದ್ಲು.