ಕವಲಿನಲ್ಲಿ ಯಾರಿದ್ದಾರೆ

"ಗುರುಗಳೇ, ಕತೆಯೊಳಗಿನ ಒಬ್ಬರಾಗಿ ಕಂಪ್ಯೂಟರಿನಲ್ಲಿ ಆಡುವ ಪಾತ್ರದಾಟದಲ್ಲಿ ಕಾಡು ಕಾಣುತ್ತದೆ, ಕೋಟೆ ಕಾಣುತ್ತದೆ, ಕುದುರೆಯ ಗೊರಸಿನ ಸದ್ದು ಕೂಡ ಕೇಳುತ್ತದೆ. ಮೇಜಿನ ಸುತ್ತ ಕೂತು ಆಡುವ ಪಾತ್ರದಾಟದಲ್ಲಿ ಇರುವುದು ಒಂದು ಹಾಳೆ, ಒಂದು ಪೆನ್ಸಿಲು, ಎರಡು ದಾಳ. ಆದರೂ ಮೇಜಿನ ಸುತ್ತ ಆಡುವವರು ಕಂಪ್ಯೂಟರಿನವರಾದ ನಮ್ಮನ್ನು ನೋಡಿ, ನಿಮ್ಮದರಲ್ಲಿ ಏನೋ ಕಡಿಮೆ ಎನ್ನುತ್ತಾರೆ. ಏನು ಕಡಿಮೆ?"

ಕೇಳಿದವನು ಕತೆ ಕಟ್ಟುವುದನ್ನು ಕಲಿಯಲು ಬಂದಿದ್ದ ಶಿಷ್ಯ. ಅದಕ್ಕೆ ಮೊದಲು ಅವನು ಆರು ವರ್ಷ ಕಂಪ್ಯೂಟರ್ ಆಟಗಳಿಗೆ ಮಾತು ಬರೆದಿದ್ದ. ಹಾಗಾಗಿ ಪ್ರಶ್ನೆಯಲ್ಲಿ ಸ್ವಲ್ಪ ನೋವೂ ಇತ್ತು.

ಗುರು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ತಾಲ್ಲೂಕಿನಲ್ಲಿ ಒಬ್ಬ ಆಂಬುಲೆನ್ಸ್ ಚಾಲಕನಿದ್ದ. ಹೆಸರು ಮೌನೇಶ. ಸುತ್ತಲಿನ ಹದಿನಾಲ್ಕು ಹಳ್ಳಿಗೆ ಅವನದೊಂದೇ ಗಾಡಿ. ಹನ್ನೊಂದು ವರ್ಷ ಓಡಿಸಿದ್ದ. ಯಾವ ಓಣಿಯಲ್ಲಿ ಗಾಡಿ ತಿರುಗಿಸಲು ಜಾಗವಿದೆ, ಯಾವ ಹಳ್ಳದ ಸೇತುವೆ ಕುಸಿದಿದೆ, ಎಲ್ಲವೂ ಅವನಿಗೆ ಬಾಯಿಪಾಠ.

ಒಂದು ಮಧ್ಯಾಹ್ನ ಎರಡು ಕರೆ ಬಂದವು. ಮೊದಲನೆಯದು ಪೂರ್ವದ ಹಳ್ಳಿಯಿಂದ. ಹೆಂಗಸೊಬ್ಬಳಿಗೆ ಹೆರಿಗೆ ನೋವು, ರಕ್ತ ನಿಲ್ಲುತ್ತಿಲ್ಲ. ನಾಲ್ಕು ನಿಮಿಷದ ನಂತರ ಎರಡನೆಯದು ಪಶ್ಚಿಮದ ಹಳ್ಳಿಯಿಂದ. ಹೊಲದಲ್ಲಿ ಕೂಲಿಯವನಿಗೆ ಹಾವು ಕಚ್ಚಿದೆ. ಮೌನೇಶ ಆಗ ಪಟ್ಟಣದ ಹೊರಗಿನ ಕವಲಿನಲ್ಲಿದ್ದ. ಗಾಡಿ ನಿಲ್ಲಿಸಿ ಎರಡೂ ರಸ್ತೆ ನೋಡಿದ. ಮೊದಲು ಕರೆದವರ ಕಡೆಗೆ ಹೋದ.

ತಾಯಿ ಉಳಿದಳು, ಮಗುವೂ ಉಳಿಯಿತು. ಅವರನ್ನು ಆಸ್ಪತ್ರೆಗೆ ಸೇರಿಸಿ ಪಶ್ಚಿಮದ ಹಳ್ಳಿ ಮುಟ್ಟುವಷ್ಟರಲ್ಲಿ ಕೂಲಿಯವನು ಸತ್ತಿದ್ದ. ಬದುವಿನ ಮೇಲೆ ಒಬ್ಬನೇ ಮಲಗಿದ್ದ. ಜೊತೆಯಲ್ಲಿದ್ದವನು ಫೋನ್ ಮಾಡಲು ರಸ್ತೆಗೆ ಓಡಿಬಂದು, ಆಂಬುಲೆನ್ಸಿಗೆ ದಾರಿ ತೋರಿಸಬೇಕಲ್ಲ ಎಂದು ಅಲ್ಲೇ ನಿಂತುಬಿಟ್ಟಿದ್ದ. ಸತ್ತವನ ಹೆಸರು ಸೋಮಲಿಂಗ ಎಂದು ಮೌನೇಶನಿಗೆ ಆಮೇಲೆ ತಿಳಿಯಿತು.

ವಿಚಾರಣೆ ನಡೆಯಿತು. ಚಾಲಕನ ತಪ್ಪಿಲ್ಲ ಎಂದು ಬರೆದರು. ವೈದ್ಯರೂ ಅದನ್ನೇ ಹೇಳಿದರು. ಸೋಮಲಿಂಗನ ಅಣ್ಣ ತಾನಾಗಿ ಮನೆಗೆ ಬಂದು, "ಒಬ್ಬನೇ ನೀನು ಏನು ಮಾಡೋಕಾಗ್ತಿತ್ತು ಬಿಡಪ್ಪ" ಎಂದು ಹೇಳಿಹೋದ. ಇಷ್ಟು ಜನ ಹೇಳಿದರೂ ಮೌನೇಶನಿಗೆ ಗಾಡಿ ಓಡಿಸಲಾಗಲಿಲ್ಲ. ರಜೆ ಹಾಕಿ ಮನೆಯಲ್ಲಿ ಕೂತ. ತಾಲ್ಲೂಕು ಕೇಂದ್ರದಿಂದ ಬದಲಿ ಚಾಲಕ ಬಂದ. ಅವನಿಗೆ ಹಳ್ಳಿಗಳ ದಾರಿ ಗೊತ್ತಿರಲಿಲ್ಲ.

ಹೆಂಡತಿ ದೇವಮ್ಮ ತನ್ನ ತಮ್ಮನಿಗೆ ಹೇಳಿಕಳಿಸಿದಳು. ಅವನು ಒಂದು ಕಂಪ್ಯೂಟರ್ ತಂದಿಟ್ಟು, "ಭಾವ, ಇದರಲ್ಲಿ ಒಂದು ಆಟ ಇದೆ. ಮನಸ್ಸು ಬೇರೆ ಕಡೆ ಹೋಗುತ್ತೆ" ಎಂದ.

ಆಟದಲ್ಲಿ ಮೌನೇಶ ಒಬ್ಬ ಸವಾರ. ಕುದುರೆ ಏರಿ ಊರೂರು ಸುತ್ತಬೇಕು, ಕಷ್ಟದಲ್ಲಿದ್ದವರಿಗೆ ನೆರವಾಗಬೇಕು. ಎರಡು ದಿನ ಅವನಿಗೆ ಅದು ನಿಜವಾಗಿಯೂ ಹಿಡಿಸಿತು. ಕುದುರೆಗೆ ಹುಲ್ಲು ಹಾಕಿದ, ನದಿ ದಾಟಿದ, ಕಳೆದುಹೋದ ಹಸುವನ್ನು ಹುಡುಕಿಕೊಟ್ಟ. ಮೂರನೆಯ ದಿನ ದಾರಿ ಕವಲಾಯಿತು. ಎಡಕ್ಕೊಂದು ಊರು, ಬಲಕ್ಕೊಂದು ಊರು. ಎರಡಕ್ಕೂ ದರೋಡೆಕೋರರು ಬೆಂಕಿ ಇಟ್ಟಿದ್ದಾರೆ. ಪರದೆಯ ಮೇಲೆ ಎರಡು ಸಾಲು ಮೂಡಿದವು. ಎಡದ ಊರಿಗೆ ಹೋಗು. ಬಲದ ಊರಿಗೆ ಹೋಗು.

ಮೌನೇಶ ಎಡಕ್ಕೆ ಹೋದ. ಆ ಊರು ಉಳಿಯಿತು. ಬಲದ ಊರಿಗೆ ಬಂದರೆ ಬೂದಿ. ಆಟವನ್ನು ಹಿಂದಕ್ಕೆ ತಂದು ಬಲಕ್ಕೆ ಹೋದ. ಎಡದ ಊರು ಬೂದಿ.

ಅಲ್ಲಿಂದ ಮುಂದೆ ಅವನು ಹೋಗಲೇ ಇಲ್ಲ. ಅದೇ ಕವಲಿಗೆ ಮತ್ತೆ ಮತ್ತೆ ಬಂದ. ಕುದುರೆಯನ್ನು ಇನ್ನಷ್ಟು ಜೋರಾಗಿ ಓಡಿಸಿ ನೋಡಿದ. ಗುಡ್ಡದ ಮೇಲಿಂದ ಅಡ್ಡದಾರಿ ಇದೆಯೇ ಎಂದು ಹುಡುಕಿದ. ಸವಾರನ ಸೊಂಟದಲ್ಲಿ ಒಂದು ಕೊಂಬು ನೇತಾಡುತ್ತಿತ್ತು. ಅದನ್ನು ಊದಲು ಬರುವುದಿಲ್ಲ, ಅದು ಬರೀ ಚಿತ್ರ. ಕವಲಿನಲ್ಲಿ ಮೂವರು ವ್ಯಾಪಾರಿಗಳು ಗಾಡಿ ನಿಲ್ಲಿಸಿಕೊಂಡು ಕೂತಿದ್ದರು. ಅವರ ಹತ್ತಿರ ಕುದುರೆಗಳಿದ್ದವು. ಹೊಗೆ ಅವರ ತಲೆಯ ಮೇಲೆಯೇ ಹಾದುಹೋಗುತ್ತಿತ್ತು. ಮೌನೇಶ ಒಬ್ಬೊಬ್ಬರ ಎದುರು ನಿಂತು ಗುಂಡಿ ಒತ್ತಿದ. ಮೂವರೂ ಒಂದೇ ಮಾತು ಹೇಳಿದರು. "ಬನ್ನಿ ಸ್ವಾಮಿ, ಹಗ್ಗ ಬೇಕೆ, ದೀಪ ಬೇಕೆ?"

ಹೀಗೆ ಐದು ವಾರ ಕಳೆಯಿತು.

"ಅದರೊಳಗಿನವರು ಸತ್ತರೆ ನೀವ್ಯಾಕ್ರೀ ಊಟ ಬಿಡ್ತೀರಿ?" ಎಂದು ದೇವಮ್ಮ ಕೇಳಿದಳು. ಅವನು ಮತ್ತೆ ಕುದುರೆಯನ್ನು ಕವಲಿಗೆ ತಂದ. ಅವಳು ತಟ್ಟೆಯನ್ನು ಮುಚ್ಚಿಟ್ಟು ಹೋದಳು.

ಅದೇ ಬೀದಿಯಲ್ಲಿ ಮೆಹಬೂಬ ಎಂಬ ದರ್ಜಿ ಇದ್ದ. ಮೌನೇಶನ ಖಾಕಿ ಅಂಗಿಗಳನ್ನು ಹೊಲಿಯುತ್ತಿದ್ದವನು ಅವನೇ. ದೇವಮ್ಮ ಹರಿದ ದಿಂಬು ತಂದಾಗ ಗಂಡನ ಸ್ಥಿತಿ ಹೇಳಿ ಕಣ್ಣೊರೆಸಿಕೊಂಡಳು. ಮರುದಿನ ಮೆಹಬೂಬ ಬಂದು, "ಭಾನುವಾರ ಬೆಳಿಗ್ಗೆ ಗ್ರಂಥಾಲಯಕ್ಕೆ ಬಾ. ನಾವೂ ಆಟ ಆಡ್ತೀವಿ. ಚಹಾ ಮಾತ್ರ ಚೆನ್ನಾಗಿರಲ್ಲ" ಎಂದ.

ಆ ಊರಿನ ಗ್ರಂಥಪಾಲಕಿ ಸುಮಿತ್ರಾಬಾಯಿ. ಭಾನುವಾರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಾಲ್ಕೈದು ಜನರನ್ನು ಕೂರಿಸಿಕೊಂಡು ಆಟ ನಡೆಸುತ್ತಿದ್ದಳು. ಅವಳು ಕತೆ ಹೇಳುತ್ತಾಳೆ. ಕೂತವರು ಒಬ್ಬೊಬ್ಬರು ಒಂದೊಂದು ಪಾತ್ರ. ಅವಳು ಒಂದು ಕಡೆ ನಿಲ್ಲಿಸಿ, ಈಗ ಏನು ಮಾಡುತ್ತೀರಿ ಎಂದು ಕೇಳುತ್ತಾಳೆ. ಅವರು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಹಾಕುತ್ತಾರೆ. ಹೆಚ್ಚು ಬಿದ್ದರೆ ಒಳ್ಳೆಯದು, ಕಡಿಮೆ ಬಿದ್ದರೆ ಕೆಟ್ಟದ್ದು. ಅಷ್ಟೇ ಆಟ.

ಮೊದಲ ಭಾನುವಾರ ಮೌನೇಶ ಬೇರೆಯವರು ಆಡುವುದನ್ನು ನೋಡಿದ. ಎಲ್ಲರೂ ಎದ್ದು ಹೋದಮೇಲೆ ಬಾಗಿಲ ಬಳಿ ನಿಂತು ಕೇಳಿದ.

"ಮೇಡಂ, ನಿಮ್ಮ ಆಟದಲ್ಲಿ ನಾನು ಹೇಳಿದ ಜಾಗ ಇಡೋಕಾಗುತ್ತಾ?"

"ಆಗುತ್ತೆ. ಯಾವ ಜಾಗ?"

ಅವನು ಕವಲನ್ನು, ಎರಡು ಊರನ್ನು, ಬೆಂಕಿಯನ್ನು ಹೇಳಿದ. ಸುಮಿತ್ರಾಬಾಯಿ ಹಾಳೆಯ ಮೇಲೆ ಬರೆದುಕೊಂಡಳು. ಯಾಕೆ ಎಂದು ಕೇಳಲಿಲ್ಲ.

ಮುಂದಿನ ಭಾನುವಾರ ಅವಳು ಕತೆಯನ್ನು ಆ ಕವಲಿಗೆ ತಂದಳು. ಎಡಕ್ಕೂ ಹೊಗೆ, ಬಲಕ್ಕೂ ಹೊಗೆ. ಎರಡೂ ಊರು ಸಮದೂರ. ಸವಾರ ಒಬ್ಬ, ಕುದುರೆ ಒಂದು.

"ಮೌನೇಶಪ್ಪ, ಏನು ಮಾಡ್ತೀರಿ?"

ಮೌನೇಶ ದಾಳ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ. ಯಾರೂ ಅವಸರ ಮಾಡಲಿಲ್ಲ. ಮೆಹಬೂಬ ತನ್ನ ಚಹಾ ಲೋಟವನ್ನು ಪಕ್ಕಕ್ಕೆ ಸರಿಸಿದ.

"ನನಗೆ ಗೊತ್ತಾಗ್ತಿಲ್ಲ" ಎಂದ ಮೌನೇಶ.

"ಸರಿ. ಗೊತ್ತಾಗ್ತಿಲ್ಲ. ಕುದುರೆ ನಿಂತಲ್ಲೇ ಕಾಲು ಕೆದರುತ್ತಿದೆ" ಎಂದಳು ಸುಮಿತ್ರಾಬಾಯಿ.

ಮೌನೇಶ ಕೇಳಿದ. "ಕವಲಿನಲ್ಲಿ ಬೇರೆ ಯಾರಾದರೂ ಇದ್ದಾರಾ?"

ಸುಮಿತ್ರಾಬಾಯಿ ಹಾಳೆ ನೋಡಿದಳು. ಅದರಲ್ಲಿ ಯಾರೂ ಇರಲಿಲ್ಲ. ಹಾಳೆಯನ್ನು ಮಗುಚಿಟ್ಟಳು.

"ಇದ್ದಾನೆ. ಒಬ್ಬ ಎಣ್ಣೆ ವ್ಯಾಪಾರಿ. ಎತ್ತಿನ ಗಾಡಿ, ತುಂಬ ಎಣ್ಣೆಯ ಡಬ್ಬ."

"ಅವನನ್ನ ಕೇಳ್ತೀನಿ."

"ಏನಂತ ಕೇಳ್ತೀರಿ? ಅವನಿಗೆ ಕೇಳಿಸುವ ಹಾಗೆ ಹೇಳಿ."

ಮೌನೇಶ ಎದುರಿಗೆ ಒಬ್ಬ ನಿಂತಿರುವ ಹಾಗೆ ತಲೆ ಎತ್ತಿದ.  

"ಅಣ್ಣಾ, ನನ್ನೊಬ್ಬನ ಕೈಲಿ ಎರಡೂ ಕಡೆ ಆಗೋದಿಲ್ಲ. ಒಂದು ಕಡೆ ನೀನು ಹೋಗು."

ಹನ್ನೊಂದು ವರ್ಷದಲ್ಲಿ ಆ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ.

ವ್ಯಾಪಾರಿಯ ಪರವಾಗಿ ಉತ್ತರ ಕೊಡಬೇಕಾದವಳು ಸುಮಿತ್ರಾಬಾಯಿ. ಅಷ್ಟರಲ್ಲಿ ಮೆಹಬೂಬ ಕೈ ಎತ್ತಿ, "ಮೇಡಂ, ಆ ವ್ಯಾಪಾರಿ ನಾನಾಗ್ತೀನಿ" ಎಂದ. ಆಮೇಲೆ ಮೌನೇಶನ ಕಡೆಗೆ ತಿರುಗಿದ. "ಡಬ್ಬ ಇಲ್ಲೇ ಇಳಿಸಿ ಹೊರಟೆ. ಯಾವ ಕಡೆ ಹೋಗ್ಲಿ, ಹೇಳು."

"ಬಲಕ್ಕೆ."

ಅನುಮಾನದ ಜಾಗ ಬಂದಿತ್ತು. ಮೆಹಬೂಬ ದಾಳ ಹಾಕಿದ. ಒಂದರಲ್ಲಿ ಎರಡು, ಇನ್ನೊಂದರಲ್ಲಿ ಒಂದು. ಎಲ್ಲರೂ ಸುಮಿತ್ರಾಬಾಯಿಯ ಮುಖ ನೋಡಿದರು. ಅವಳು ಸುಳ್ಳು ಹೇಳಲಿಲ್ಲ.

"ಎತ್ತಿನ ಗಾಡಿ, ನಿಧಾನವಾಯಿತು. ಊರಿನ ಜನ ಬಾವಿಯಿಂದ ನೀರು ಸೇದುತ್ತಿದ್ದರು. ವ್ಯಾಪಾರಿ ಬಂದದ್ದು ನೋಡಿ ಅವರಿಗೆ ಧೈರ್ಯ ಬಂತು. ಊರು ಉಳಿಯಿತು. ಆದರೆ ಒಬ್ಬ ಮುದುಕನಿಗೆ ಹೊಗೆ ಕುಡಿದು ಉಸಿರು ಸಿಗುತ್ತಿಲ್ಲ. ಅವನು ಉಳಿಯುವುದಿಲ್ಲ."

ಮೌನೇಶ ಮೇಜನ್ನು ಹಿಡಿದುಕೊಂಡ.

"ನಾನು ಅವನ ಹತ್ತಿರ ಕೂತ್ಕೋತೀನಿ" ಎಂದ ಮೆಹಬೂಬ. "ತಲೆ ತೊಡೆ ಮೇಲೆ ಇಟ್ಕೋತೀನಿ. ನೀರು ಕುಡಿಸ್ತೀನಿ. ಮೌನೇಶ ಬರ್ತಾನೆ, ಆ ಕಡೆ ಊರು ಉಳಿಸಿ ಬರ್ತಾನೆ ಅಂತ ಹೇಳ್ತೀನಿ."

"ಅವನು ಒಬ್ಬನೇ ಇಲ್ಲ ಹಾಗಾದರೆ" ಎಂದ ಮೌನೇಶ.

"ಇಲ್ಲ" ಎಂದಳು ಸುಮಿತ್ರಾಬಾಯಿ.

ಮೌನೇಶ ಅತ್ತ. ಆ ದಿನ ಆಟ ಮುಂದೆ ಹೋಗಲಿಲ್ಲ. ಅವನು ಹೆರಿಗೆಯ ಹೆಂಗಸಿನ ಬಗ್ಗೆ, ಸೋಮಲಿಂಗನ ಬಗ್ಗೆ, ಆ ಬದುವಿನ ಬಗ್ಗೆ ಎಲ್ಲ ಹೇಳಿದ. ವಿಚಾರಣೆಯಲ್ಲಿ ಹೇಳಿದ್ದು ಹೊತ್ತು ಮತ್ತು ದೂರ ಮಾತ್ರ. ಇಲ್ಲಿ ಹೇಳಿದ್ದು ಸೋಮಲಿಂಗನ ಒಂದು ಕಾಲಿನ ಚಪ್ಪಲಿ ಮಣ್ಣಿನಲ್ಲಿ ಸಿಕ್ಕಿಕೊಂಡಿತ್ತು ಎಂಬುದನ್ನು. ಯಾರೂ ಅವನಿಗೆ ತಪ್ಪಿಲ್ಲ ಎಂದು ಹೇಳಲಿಲ್ಲ. ಕೇಳಿಸಿಕೊಂಡರು.

ಕೊನೆಗೆ ಮೆಹಬೂಬ, "ನನ್ನ ಅಳಿಯನ ಜೀಪು ಹಗಲೆಲ್ಲ ಅಂಗಡಿ ಮುಂದೆ ನಿಂತಿರುತ್ತೆ ಕಣೋ. ಇನ್ನು ಮೇಲೆ ನನ್ನನ್ನ ಕೂಗು" ಎಂದ.

ಮೌನೇಶ ಮನೆಗೆ ಬಂದು ಕೈಕಾಲು ತೊಳೆದು ಅಡುಗೆಮನೆಯಲ್ಲಿ ಕೂತ. "ಹಸಿವಾಗಿದೆ" ಎಂದ. ದೇವಮ್ಮ ರೊಟ್ಟಿ ಬಡಿಸಿದಳು. ಅವನು ನಾಲ್ಕು ತಿಂದ. ಅವಳು ಐದನೆಯದನ್ನು ಹಾಕಲು ಹೋದಾಗ ನಕ್ಕು ಕೈ ಅಡ್ಡ ಹಿಡಿದ. ಅವಳು ಹಿಂದಕ್ಕೆ ತಿರುಗಿ ಒಲೆಯ ಕಡೆ ನೋಡುತ್ತ ದೊಡ್ಡದಾಗಿ ಉಸಿರು ಬಿಟ್ಟಳು. ಅಂದು ಮಧ್ಯಾಹ್ನ ಅವನು ಸಂಜೆಯವರೆಗೂ ಮಲಗಿ ನಿದ್ದೆ ಮಾಡಿದ.

ಹತ್ತು ದಿನದ ಮೇಲೆ ಕೆಲಸಕ್ಕೆ ಹೋದ.  ಹದಿನಾಲ್ಕು ಹಳ್ಳಿಯಲ್ಲೂ ಗಾಡಿ ಇರುವವರ ಮನೆಗೆ ಹೋಗಿ ಫೋನ್ ನಂಬರ್ ಕೇಳಿದ. ಒಬ್ಬಿಬ್ಬರು ಹಿಂದೆ ಮುಂದೆ ನೋಡಿದರು, ಉಳಿದವರು ಕೊಟ್ಟರು. ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದು ಒಬ್ಬಾಕೆ ಬೈದಳು.

ಸುಗ್ಗಿಯ ಹೊತ್ತಿಗೆ ಮತ್ತೆ ಒಂದು ದಿನ ಎರಡು ಕರೆ ಬಂದವು. ಮೌನೇಶ ಒಂದು ಕಡೆ ಹೋದ. ಇನ್ನೊಂದು ಕಡೆ ಮೆಹಬೂಬನ ಅಳಿಯನ ಜೀಪು ಹೋಯಿತು. ಮೆಹಬೂಬ ಹಿಂದಿನ ಸೀಟಿನಲ್ಲಿ ರೋಗಿಯ ತಲೆ ಹಿಡಿದು ಕೂತಿದ್ದ. ಸಂಜೆ ಐದಕ್ಕೆ ಎರಡು ಗಾಡಿಯೂ ಆಸ್ಪತ್ರೆಯ ಅಂಗಳದಲ್ಲಿ ನಿಂತಿದ್ದವು. ಇಬ್ಬರು ರೋಗಿಗಳೂ ಒಳಗೆ ಉಸಿರಾಡುತ್ತಿದ್ದರು. ಮೌನೇಶ ಮತ್ತು ಮೆಹಬೂಬ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿಂದರು.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಹಗುರವಾಗಿತ್ತು. ಅವನು ಹೇಳಿದ.

"ಗುರುಗಳೇ, ಹಾಗಾದರೆ ಇದೇನು ದೊಡ್ಡ ಕೊರತೆಯಲ್ಲ. ಸಹಾಯಕ್ಕೆ ಹೋಗುವ ಒಬ್ಬ ವ್ಯಾಪಾರಿಯನ್ನು ಕಂಪ್ಯೂಟರಿನ ಆಟದಲ್ಲೂ ಬರೆದಿಡಬಹುದು. ನಾನೇ ಒಂದು ವಾರದಲ್ಲಿ ಬರೆದುಕೊಡುತ್ತೇನೆ."

ಗುರು ಹೇಳಿದರು: "ಬರೆದಿಡು. ಆದರೆ ನಾಳೆ ಇನ್ನೊಬ್ಬ ಆಟಗಾರ ಬಂದು ನೀನು ಬರೆಯದ್ದನ್ನು ಕೇಳಿದಾಗ, ಎದುರಿಗೆ ಯಾರು ಕೂತಿರುತ್ತಾರೆ?"